ಸರ್ಕಾರಿ ಶಾಲೆಯ ಸೋರುವ ಹೆಂಚಿಗೆ ದುಡ್ಡು ಯಾರನ್ನು ಕೇಳಬೇಕು?

ಹಾಸನ ಜಿಲ್ಲೆಯ ಸಕಲೇಶಪುರದ ಕಡೆಯ ನಿಮ್ಮೂರ ಪ್ರಾಥಮಿಕ ಶಾಲೆ ಸೋರುತ್ತಿದೆ, ಎಲೆಕ್ಷನ್‌ನಲ್ಲಿ ಎಲ್ಲರೂ ಭರವಸೆ ಕೊಟ್ಟು ಹೋದರು, ದುಡ್ಡು ನಿಜಕ್ಕೂ ಯಾರ ಕೈಯಲ್ಲಿದೆ ಅಂತ ಕೇಳಿದ್ದೀರಿ.

ಒಬ್ಬರ ಕೈಯಲ್ಲಿಲ್ಲ. ತೊಂದರೆ ಇರುವುದೇ ಅಲ್ಲಿ. ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದ್ದು. ಶಾಲೆಗಳಿಗಾಗಿ ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಾ ಯೋಜನೆಯ ಖರ್ಚಿನಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಅದರಲ್ಲಿ ಶಾಲೆಗೆ ಬರುವ ವಾರ್ಷಿಕ ಅನುದಾನ ಮಕ್ಕಳ ತಲೆ ಎಣಿಸಿ ಕೊಡುವಂಥದ್ದು. 30ರವರೆಗೆ ಮಕ್ಕಳಿದ್ದರೆ 10 ಸಾವಿರ ರೂಪಾಯಿ. ಮಲೆನಾಡಿನ ಸಣ್ಣ ಶಾಲೆಗಳಿಗೆ ಅಷ್ಟೇ ಗತಿ. ಸೀಮೆಸುಣ್ಣ, ಸುಣ್ಣಬಣ್ಣಕ್ಕೇ ಅದು ಮುಗಿದು ಹೋಗುತ್ತದೆ, ಹೆಂಚು ಹೊದಿಸುವುದು ಎಲ್ಲಿಂದ ಬಂತು?

ದುರಸ್ತಿಗೆ ಜಿಲ್ಲಾ ಪಂಚಾಯಿತಿಯನ್ನು ಜಗ್ಗಿ ಕೇಳಬಹುದಿತ್ತು. ಆದರೆ 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಸದಸ್ಯರೇ ಇಲ್ಲದ ಮೇಲೆ ಎಲ್ಲ ಅರ್ಜಿಯೂ ಶಾಸಕರ ಮನೆ ಬಾಗಿಲಿಗೇ. ನನ್ನ ಪ್ರಕಾರ ಇದು ದೊಡ್ಡ ಸುದ್ದಿಯಾಗಬೇಕಿತ್ತು. ಹಾಸನದ ಎಲೆಕ್ಷನ್ ಅಂದರೆ ಟಿ.ವಿ.ಯವರಿಗೆ ದೇವೇಗೌಡರ ಕುಟುಂಬದ ಕಥೆಯೇ ಜಾಸ್ತಿ, ಅಲ್ವಾ?

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸುಮ್ನೆ ಬಾಯಲ್ಲಿ ಕೇಳಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ. ಫೋಟೊ, ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅದನ್ನೇ ಶಾಸಕರಿಗೂ ಕೊಡಿ. ಚುನಾವಣಾ ನೀತಿ ಸಂಹಿತೆ ಬಂದರೆ ಹೊಸ ಕೆಲಸ ಶುರುವಾಗುವುದಿಲ್ಲ. ಆಗಲೇ ಶುರುವಾದದ್ದು ನಿಲ್ಲಬೇಕಿಲ್ಲ. ಅಂದರೆ ಗುದ್ದಲಿ ಅದಕ್ಕೆ ಮೊದಲೇ ನೆಲಕ್ಕೆ ಬೀಳಬೇಕು.