ಗುಡಿಬಂಡೆಯಂಥ ಸಣ್ಣ ಊರಿಗೆ ಅಷ್ಟು ದೊಡ್ಡ ಕೆರೆ ಹೇಗೆ ಬಂತು?

ಗುಡಿಬಂಡೆ ಕೆರೆ ಬೆಟ್ಟದ ಮೇಲಿಂದ ಭಾರತದ ನಕ್ಷೆಯಂತೆ ಕಾಣುತ್ತದಂತೆ, ಅಷ್ಟು ಸಣ್ಣ ಊರಿಗೆ ಅಂಥ ಕೆರೆ ಹೇಗೆ ಬಂತು, ಊರಿನ ಹಿನ್ನೆಲೆ ಏನು ಅಂತ ಕೇಳಿದ್ದೀರಿ. ನಾನು ಅಲ್ಲೇ ಹುಟ್ಟಿ ಬೆಳೆದವನು. ನಕ್ಷೆ ಕಾಣುವುದು ನಿಜ, ಆದರೆ ಕೆರೆ ತುಂಬಿರಬೇಕು. ನೀರು ಇಳಿದರೆ ಆಕಾರವೂ ಹೋಯಿತು.

ಊರು ಬೆಂಗಳೂರಿನಿಂದ 100 ಕಿ.ಮೀ. ಒಳಗೇ ಇದೆ. ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದಲ್ಲಿ ಎಡಕ್ಕೆ ತಿರುಗಬೇಕು. ಎರಡೇ ಹೋಬಳಿಯ ತಾಲ್ಲೂಕು, ಪಟ್ಟಣ ಪಂಚಾಯಿತಿ, ರೈಲಿಲ್ಲ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದೆವು, ಈಗ ಚಿಕ್ಕಬಳ್ಳಾಪುರಕ್ಕೆ. ಆಂಧ್ರದ ಗಡಿ ಹತ್ತಿರ, ಹಾಗಾಗಿ ಒಂದೇ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಬರುತ್ತವೆ. ಊರಿನ ಹೆಸರಲ್ಲಿರುವ ಗುಡಿಯೂ ಬಂಡೆಯೂ ಎರಡು ಭಾಷೆಗೂ ಸಲ್ಲುತ್ತವೆ.

ಇಲ್ಲಿನ ಕಥೆಯೆಲ್ಲ ಆ ಬಂಡೆಯಿಂದಲೇ ಶುರು. ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಅದರಲ್ಲೂ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕರಿಕಲ್ಲಿನ ಗುಡ್ಡಕ್ಕೆ ಬಿದ್ದ ನೀರು ಇಂಗುವುದಿಲ್ಲ, ಜಾರಿ ಹೋಗುತ್ತದೆ. ಹಿಡಿದವರಿಗುಂಟು, ಬಿಟ್ಟವರಿಗಿಲ್ಲ.

ಹಿಡಿದವನು 17ನೇ ಶತಮಾನದ ಪಾಳೆಯಗಾರ ಬೈರೇಗೌಡ. ಉಳ್ಳವರನ್ನು ದೋಚಿ ಬಡವರಿಗೆ ಹಂಚುತ್ತಿದ್ದ, ಅದಕ್ಕೇ ಹಾವಳಿ ಬೈರೇಗೌಡ ಅಂದರು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಅವನ ಕೋಟೆ ಊರ ನೆತ್ತಿಯ ಸುರಸದ್ಮಗಿರಿಯ ಮೇಲಿದೆ, ಏಳು ಸುತ್ತು. ಜನ ಗೋಡೆ, ಬಾಗಿಲು ನೋಡಿಕೊಂಡು ಮೇಲೆ ಹೋಗಿಬಿಡುತ್ತಾರೆ. ನೋಡಬೇಕಾದದ್ದು ದೊಣೆಗಳನ್ನು. ದೊಣೆ ಅಂದರೆ ಬಂಡೆಯಲ್ಲಿ ಮಳೆ ನೀರು ನಿಲ್ಲುವ ಹೊಂಡ; ಅಂಥವು 19 ಇವೆ ಅಂತ ಲೆಕ್ಕ. ಚಿಕ್ಕವನಿದ್ದಾಗ ಬರಿಗಾಲಲ್ಲಿ ಹತ್ತುತ್ತಿದ್ದೆವು. ಕಾದ ಬಂಡೆಯ ಮೇಲೆ ಅಂಗಾಲು ಸುಡುತ್ತಿರುವಾಗ ದೊಣೆಗೆ ಕಾಲಿಟ್ಟರೆ ಮೊಣಕಾಲವರೆಗೆ ತಣ್ಣಗೆ. ಒಳಗೋಡೆಯ ಮೇಲೆ ಪಾಚಿಯ ಗೆರೆಗಳು ಒಂದರ ಕೆಳಗೊಂದು; ಯಾವ ತಿಂಗಳು ನೀರು ಎಲ್ಲಿವರೆಗಿತ್ತು ಅಂತ ಅದನ್ನು ನೋಡಿಯೇ ಹೇಳಬಹುದು. ತುದಿಯಲ್ಲಿ ರಾಮಲಿಂಗೇಶ್ವರನ ಗುಡಿ.

ಕೆಳಗೆ ಬೈರೇಗೌಡನ ಹೆಸರಿನದೇ ಕೆರೆ, ಅಮಾನಿ ಬೈರಸಾಗರ. ಕುಶಾವತಿ ಹೊಳೆಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ್ದು. ಕುಶಾವತಿ ಚಿತ್ರಾವತಿಗೆ ಸೇರುತ್ತದೆ, ಚಿತ್ರಾವತಿ ಆಂಧ್ರಕ್ಕಿಳಿದು ಪೆನ್ನಾರನ್ನು ಕೂಡುತ್ತದೆ. ‘ಅಮಾನಿ’ ಅಂದರೆ ಇನಾಮು, ಗುತ್ತಿಗೆಗೆ ಕೊಡದೆ ಸರ್ಕಾರ ನೇರವಾಗಿ ತನ್ನ ಕೈಲಿಟ್ಟುಕೊಂಡದ್ದು. ಕೋಲಾರ, ತುಮಕೂರಿನ ಅಮಾನಿಕೆರೆಗಳ ಹೆಸರೂ ಹೀಗೇ ಬಂದದ್ದು. ಅಂದರೆ ಊರು ಕೆರೆಗಿಂತ ಚಿಕ್ಕದು ಅನ್ನಿಸುವುದು ಸಹಜ. ಈ ಕೆರೆ ಊರೊಂದಕ್ಕೇ ಅಂತ ಕಟ್ಟಿದ್ದಲ್ಲ, ಕೆಳಗಿನ ಅಚ್ಚುಕಟ್ಟಿಗೆಲ್ಲ, ಅಂದರೆ ಕೆರೆ ನೀರು ಹರಿಯುವ ಜಮೀನಿಗೆಲ್ಲ ಸೇರಿದ್ದು.

ಆಮೇಲೆ ಬೋರ್‌ವೆಲ್ ಬಂತು. ತೂಬು, ರಾಜಕಾಲುವೆ, ಕೆರೆ ನೀರು ಬಿಡುವ ನೀರುಗಂಟಿ ಎಲ್ಲ ಹಿಂದೆ ಸರಿದವು. ನಮ್ಮ ಹೊಲದಲ್ಲಿ ಕೊನೆಯದಾಗಿ ಕೊರೆಸಿದ್ದು 1100 ಅಡಿ, ಬಂದದ್ದು ಬರೀ ಧೂಳು. ಅಪ್ಪ ಆ ದಿನ ಊಟ ಮಾಡಲಿಲ್ಲ. ಆಳಕ್ಕೆ ಹೋದಷ್ಟೂ ಫ್ಲೋರೈಡ್ ಬೇರೆ. ನಮ್ಮ ಭಾಗದಲ್ಲಿ ಹಲ್ಲು ಕಂದಾದ ಮಕ್ಕಳನ್ನು ಎಷ್ಟೋ ಕಂಡಿದ್ದೇನೆ.

2021ರ ಮಳೆಗೆ ಕೆರೆ ಕೋಡಿ ಹರಿಯಿತು. ಹೆಂಗಸರು ಬಾಗಿನ ಹಿಡಿದು ಬಂದರು. ಅಮ್ಮ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದು, ಬಹಳ ಹೊತ್ತು ನೀರಿನ ಸದ್ದು ಕೇಳುತ್ತ ನಿಂತಿದ್ದಳು.

ನೀವು ಬರುವುದಾದರೆ ಮಳೆ ಮುಗಿದ ಮೇಲೆ ಬನ್ನಿ, ಬಿಸಿಲೇರುವ ಮೊದಲೇ ಹತ್ತಿ. ಸಮಯವಿದ್ದರೆ ಊರೊಳಗಿನ ಜೈನ ಬಸದಿಗೂ, ಎಲ್ಲೋಡಿನ ಆದಿನಾರಾಯಣಸ್ವಾಮಿ ಬೆಟ್ಟಕ್ಕೂ ಹೋಗಿ. ದಯವಿಟ್ಟು ದೊಣೆಗೆ ಬಾಟಲಿ, ಕವರ್ ಎಸೆಯಬೇಡಿ. ಬೇಸಿಗೆಯಲ್ಲಿ ಮಂಗಗಳು, ಹಕ್ಕಿಗಳು ಕುಡಿಯುವುದು ಅದೇ ನೀರು.