ಕರೆಂಟ್ ಹೋದಾಗ ಕ್ಲೌಡ್ ಡ್ರೈವ್‌ನ ಕಡತ ಎಲ್ಲಿರುತ್ತದೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದುಕೊಂಡು ನಮ್ಮೂರಿನವರ ಕೆಲವು ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಕ್ಸೆಲ್ ಕಡತಗಳೆಲ್ಲ ಗೂಗಲ್ ಡ್ರೈವ್‌ನಲ್ಲಿದ್ದು, ಕಂಪ್ಯೂಟರಿನಲ್ಲಿ ‘ಜಿ’ ಡ್ರೈವ್ ಎಂದು ಕಾಣಿಸುತ್ತವೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರ್ ಥಟ್ಟನೆ ಬಂದಾಯಿತು. ಅದಕ್ಕೆ ಮೊದಲೇ ಸೇವ್ ಮಾಡಿದ್ದ ಜಿಎಸ್‌ಟಿ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಹಳೆಯ ಅಂಕಿಗಳೇ ಇವೆ. ಡ್ರೈವ್ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿಕೊಳ್ಳಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೊಸ ಅಂಕಿಗಳು ಈಗ ಇರುವುದು ಬಹುಶಃ ಆ ಕಂಪ್ಯೂಟರಿನಲ್ಲಿ ಮಾತ್ರ. ‘ಜಿ’ ಡ್ರೈವ್‌ನಲ್ಲಿ ಸೇವ್ ಮಾಡಿದ ಕಡತ ನೇರವಾಗಿ ಗೂಗಲ್‌ಗೆ ಹೋಗುವುದಿಲ್ಲ. ಮೊದಲು ‘ಸಿ’ ಡ್ರೈವ್‌ನೊಳಗಿನ ‘ಡ್ರೈವ್‌ಎಫ್‌ಎಸ್’ ಎಂಬ ಫೋಲ್ಡರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲೇ ಇರುವ ತಾತ್ಕಾಲಿಕ ಸಂಗ್ರಹದಲ್ಲಿ (ಇದಕ್ಕೆ ಕ್ಯಾಶ್ ಎನ್ನುತ್ತಾರೆ) ಕುಳಿತು, ಅಲ್ಲಿಂದ ಹಿನ್ನೆಲೆಯಲ್ಲಿ ಅಪ್‌ಲೋಡ್ ಆಗುತ್ತದೆ. ಯಾವ ಕಡತ ಇನ್ನೂ ಹೋಗಬೇಕಿದೆ ಎಂಬ ದಾಖಲೆಯೂ ಅಲ್ಲೇ ಇರುವುದರಿಂದ, ಕಂಪ್ಯೂಟರ್ ಮತ್ತೆ ಚಾಲೂ ಆಗಿ ಇಂಟರ್‌ನೆಟ್ ಸಿಕ್ಕಾಗ ತಂತ್ರಾಂಶವು ಉಳಿದ ಕೆಲಸವನ್ನು ಮುಂದುವರಿಸುತ್ತದೆ. ಅಪ್‌ಲೋಡ್ ಅರ್ಧಕ್ಕೆ ನಿಂತಿದ್ದರೂ ಕ್ಲೌಡ್‌ನಲ್ಲಿರುವ ಹಳೆಯ ಪ್ರತಿ ಕೆಡುವುದಿಲ್ಲ, ಏಕೆಂದರೆ ಹೊಸದು ಪೂರ್ತಿಯಾಗಿ ತಲಪಿದ ಮೇಲೆಯೇ ಅದು ಹಳೆಯದರ ಜಾಗಕ್ಕೆ ಬರುತ್ತದೆ. ಮೊಬೈಲಿನಲ್ಲಿ ಹಳೆಯ ಅಂಕಿ ಕಂಡದ್ದಕ್ಕೆ ಇದೇ ಕಾರಣವಿರಬೇಕು.

ಆದ್ದರಿಂದ ಕಂಪ್ಯೂಟರನ್ನು ಚಾಲೂ ಮಾಡಿ, ‘ಜಿ’ ಡ್ರೈವ್‌ನಿಂದಲೇ ಕಡತವನ್ನು ತೆರೆದು ನೋಡಿ. ಹೊಸ ಅಂಕಿಗಳಿದ್ದರೆ ಮೊದಲು ಅದರ ಒಂದು ಪ್ರತಿಯನ್ನು ಡೆಸ್ಕ್‌ಟಾಪಿಗೆ ನಕಲು ಮಾಡಿಕೊಂಡು, ಆಮೇಲೆ ಗಡಿಯಾರದ ಪಕ್ಕದ ಡ್ರೈವ್ ಚಿಹ್ನೆಯಲ್ಲಿ ಅಪ್‌ಲೋಡ್ ಮುಗಿಯುವವರೆಗೆ ಕಾಯಿರಿ. ಅಲ್ಲಿಯವರೆಗೆ ಮೊಬೈಲಿನಲ್ಲಿ ಅದೇ ಕಡತವನ್ನು ತಿದ್ದಬೇಡಿ, ಎರಡು ಬೇರೆ ಬೇರೆ ಪ್ರತಿಗಳಾಗಿ ಗೊಂದಲವಾದೀತು.

ನಿಜವಾದ ಅಪಾಯವಿರುವುದು ಸೇವ್ ಒತ್ತಿದ ನಂತರದ ಕೆಲವು ಸೆಕೆಂಡುಗಳಲ್ಲಿ. ವಿಂಡೋಸ್ ತನಗೆ ಬಂದ ಮಾಹಿತಿಯನ್ನು ಕೆಲಹೊತ್ತು ರ್ಯಾಮ್‌ನಲ್ಲೇ, ಅಂದರೆ ಕರೆಂಟ್ ಹೋದರೆ ಅಳಿಸಿಹೋಗುವ ನೆನಪಿನಲ್ಲೇ, ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ವಿಂಡೋಸ್‌ನ ‘ಎನ್‌ಟಿಎಫ್‌ಎಸ್’ ಕಡತ ವ್ಯವಸ್ಥೆಯು ಕಡತದ ಹೆಸರು, ಜಾಗ ಮುಂತಾದ ವಿವರಗಳನ್ನು ಕಾಪಾಡುತ್ತದೆಯೇ ಹೊರತು ಒಳಗಿನ ವಿಷಯಕ್ಕೆ ಜವಾಬ್ದಾರಿ ಹೊರುವುದಿಲ್ಲ. ಹಾಗಾಗಿ ಕಡತ ಕಾಣಿಸಿದರೂ ತೆರೆಯದೆ ಹೋಗಬಹುದು. ಆಗ ಎಕ್ಸೆಲ್ ತಾನಾಗಿ ಉಳಿಸಿಡುವ ಪ್ರತಿಯನ್ನು ಹುಡುಕಿ; ಸೆಟ್ಟಿಂಗ್ ಬದಲಾಯಿಸದಿದ್ದರೆ ಅದು 10 ನಿಮಿಷಕ್ಕೊಮ್ಮೆ ಉಳಿಸುತ್ತದೆ. ಡ್ರೈವ್‌ನ ಜಾಲತಾಣದಲ್ಲಿಯೂ ಎಕ್ಸೆಲ್ ಕಡತಗಳ ಹಿಂದಿನ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಸಿಗುತ್ತವೆ.

ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಳ್ಳಲಾಗದ ಕಡೆ, ಡಿಸ್ಕಿನಲ್ಲಿ ಜಾಗವಿದ್ದರೆ, ಡ್ರೈವ್ ತಂತ್ರಾಂಶದಲ್ಲಿ ಕಡತಗಳನ್ನು ಕ್ಲೌಡ್‌ನಲ್ಲಿಟ್ಟು ಬೇಕಾದಾಗ ತರಿಸುವ ‘ಸ್ಟ್ರೀಮ್’ ಬದಲು, ಎಲ್ಲವನ್ನೂ ಕಂಪ್ಯೂಟರಿನಲ್ಲೂ ಇಡುವ ‘ಮಿರರ್’ ಆಯ್ಕೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕಡತಗಳು ಸಾಮಾನ್ಯ ಫೋಲ್ಡರಿನಲ್ಲೇ ಇರುತ್ತವೆ, ಡ್ರೈವ್ ತಂತ್ರಾಂಶ ಕೈಕೊಟ್ಟರೂ ತೆರೆಯಬಹುದು. ಯುಪಿಎಸ್ ಕೊಂಡರೆ ಕಂಪ್ಯೂಟರಿನ ಜೊತೆಗೆ ರೌಟರಿಗೂ ಅದರಿಂದಲೇ ವಿದ್ಯುತ್ ಕೊಡಿ. ರೌಟರ್ ಆರಿದರೆ ಅಪ್‌ಲೋಡ್ ಕೂಡ ನಿಲ್ಲುತ್ತದೆ.

ಪ್ರಶ್ನೆ: ‘ಸಿ’ ಡ್ರೈವ್ ತುಂಬಿದೆ. ಡ್ರೈವ್‌ಎಫ್‌ಎಸ್ ಫೋಲ್ಡರನ್ನು ಅಳಿಸಿದರೆ ತೊಂದರೆಯೇ?
– ಓದುಗರು, ಪುಣೆ

ಉತ್ತರ: ಅಳಿಸಬೇಡಿ. ಕ್ಲೌಡ್‌ಗೆ ಇನ್ನೂ ತಲಪದ ಬದಲಾವಣೆಗಳು ಅದರಲ್ಲಿದ್ದರೆ ಅವು ಹೋದಂತೆಯೇ. 2023ರ ನವೆಂಬರಿನಲ್ಲಿ ಡ್ರೈವ್ ತಂತ್ರಾಂಶದ 84ನೆಯ ಆವೃತ್ತಿಯಲ್ಲಿ ಕೆಲವರ ಕಡತಗಳು ಕಾಣೆಯಾದಾಗ, ಖಾತೆಯ ಸಂಪರ್ಕ ಕಡಿಯಬೇಡಿ, ಈ ಫೋಲ್ಡರನ್ನು ಅಳಿಸಬೇಡಿ, ಬೇರೆಡೆಗೆ ಸರಿಸಲೂಬೇಡಿ ಎಂದು ಗೂಗಲ್ ಸ್ವತಃ ಕೇಳಿಕೊಂಡಿತ್ತು. ಆಮೇಲೆ ಬಂದ ಮರುಪಡೆಯುವ ಸಾಧನ ಕಡತಗಳನ್ನು ಹುಡುಕಿದ್ದೂ ಕಂಪ್ಯೂಟರಿನಲ್ಲಿ ಉಳಿದಿದ್ದ ಇಂಥ ಮಾಹಿತಿಯಲ್ಲೇ. ಬಾಕಿ ಅಪ್‌ಲೋಡ್ ಎಲ್ಲ ಮುಗಿದ ಮೇಲೆ, ಡ್ರೈವ್‌ನ ಸೆಟ್ಟಿಂಗ್‌ನಲ್ಲಿರುವ ಆಯ್ಕೆಯಿಂದ ಕ್ಯಾಶ್‌ನ ಜಾಗವನ್ನು ‘ಡಿ’ ಡ್ರೈವ್‌ಗೆ ಬದಲಾಯಿಸಿಕೊಳ್ಳಿ.