ಸಂಪಾದಕರ ಉತ್ತರ: ಕಸದ ಜಮೀನು ಯಾವಾಗ ತಗೊಂಡ್ರು ಅಂತ ಕೇಳಿದ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರದ ಮೇಲಾಯ್ತು. ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಕಾಗದಪತ್ರ ನೋಡದೆ ಈ ವಿಷಯಕ್ಕೆ ಉತ್ತರ ಬರೆಯೋಕೆ ಮನಸ್ಸು ಒಪ್ಪಲಿಲ್ಲ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ.

ಬೇರೆ ಓದುಗರಿಗೂ ಅರ್ಥ ಆಗ್ಲಿ ಅಂತ ನೀವು ಬರೆದಿದ್ದನ್ನ ನಾಲ್ಕು ಮಾತಲ್ಲಿ ಹೇಳ್ಬಿಡ್ತೀನಿ. ನಮ್ಮ ಪಟ್ಟಣ ಪಂಚಾಯ್ತಿಯವರು ಕಸ ವಿಲೇವಾರಿಗೆ ಅಂತ ಊರಾಚೆ ಖಾಸಗಿಯವರ ಹತ್ರ ನಾಲ್ಕು ಎಕರೆ ಜಮೀನು ಖರೀದಿ ಮಾಡಿದ್ದಾರೆ, ಅದು ನಿಮಗೆ ಗೊತ್ತಾಗಿದ್ದು ಒಂದಿನ ಬೆಳಿಗ್ಗೆ ನಿಮ್ಮ ತೋಟದ ಬದು ಪಕ್ಕ ಜೆಸಿಬಿ ಬಂದು ನಿಂತಾಗ. ಮಾರ್ಗಸೂಚಿ ಬೆಲೆಗಿಂತ ಜಾಸ್ತಿ ಕೊಟ್ಟಿದ್ದಾರೆ ಅಂತ ಊರೆಲ್ಲ ಮಾತಾಡ್ತಿದೆ, ಇದು ಲೂಟಿ ಅಲ್ವಾ ಅಂತ ಕೇಳಿದ್ದೀರಿ. ಗ್ರಾಮಸಭೆ ಯಾಕೆ ಕರೀಲಿಲ್ಲ ಅಂತ ಕೇಳಿದ್ದೀರಿ. ಕೊನೇಲಿ, ಗುದ್ದಲಿ ಪೂಜೆ ಫೋಟೊ ಹಾಕೋ ನಿಮ್ಮ ಪತ್ರಿಕೆ ಜಮೀನಿನ ಬಗ್ಗೆ ಒಂದು ಸಾಲೂ ಯಾಕೆ ಬರೀಲಿಲ್ಲ ಅಂತ.

ಆ ಕೊನೇ ಮಾತಿಂದಲೇ ಶುರು ಮಾಡ್ತೀನಿ. ತಪ್ಪು ನಮ್ಮದು. ಈ ಜಮೀನಿನ ವಿಷಯ ಅಜೆಂಡಾಗೆ ಬಂದ ತಿಂಗಳು ನಮ್ಮ ಕಡೆಯಿಂದ ಯಾರೂ ಆ ಸಭೆಗೆ ಹೋಗಿರಲಿಲ್ಲ. ಆಮೇಲೆ ನಡಾವಳಿ ಕೇಳೋಕೆ ಹೋದಾಗ ಸಾಹೇಬ್ರು ಬರ್ಲಿ ಅಂತ ಎರಡು ಸಲ ವಾಪಸ್ ಕಳಿಸಿದ್ರು, ಮೂರನೇ ಸಲ ನಾವೇ ಹೋಗಲಿಲ್ಲ. ಹೋಗಿದ್ರೆ ನೀವು ಜೆಸಿಬಿ ನೋಡಿ ತಿಳ್ಕೊಳೋ ಪರಿಸ್ಥಿತಿ ಬರ್ತಿರಲಿಲ್ಲ.

ಇನ್ನು ಗ್ರಾಮಸಭೆ. ಮೇಷ್ಟ್ರೇ, ಇದನ್ನ ಬರೆಯೋವಾಗ ನಿಜವಾಗ್ಲೂ ಸಂಕಟ ಆಗುತ್ತೆ. ನಮ್ಮೂರಿಗೆ ಈಗ ಗ್ರಾಮಸಭೆ ಅನ್ನೋದೇ ಇಲ್ಲ. ಊರು ಗ್ರಾಮ ಪಂಚಾಯ್ತಿಯಿಂದ ಪಟ್ಟಣ ಪಂಚಾಯ್ತಿ ಆದ ದಿನ ನಾವೆಲ್ಲ ಪಟಾಕಿ ಹೊಡೆದ್ವಿ, ಇನ್ಮೇಲೆ ಅನುದಾನ ಬರುತ್ತೆ, ರಸ್ತೆ ಆಗುತ್ತೆ ಅಂತ. ಕಳ್ಕೊಂಡಿದ್ದೇನು ಅಂತ ಆವತ್ತು ಯಾರೂ ಲೆಕ್ಕ ಹಾಕಲಿಲ್ಲ. ನರೇಗಾ ಕೂಲಿ ಹೋಯ್ತು ಅಂತ ಒಂದಷ್ಟು ಜನ ಆಮೇಲೆ ಗೋಳಾಡಿದ್ರು, ಸರಿಯೇ. ಆದರೆ ಗ್ರಾಮಸಭೆ ಹೋಗಿದ್ದು ಯಾರ ಬಾಯಲ್ಲೂ ಬರಲಿಲ್ಲ.

ಹಳ್ಳಿ ಪಂಚಾಯ್ತಿಗಳು ನಡೆಯೋದು 1993ರ ಪಂಚಾಯತ್ ರಾಜ್ ಕಾಯ್ದೆ ಕೆಳಗೆ, ಅಲ್ಲಿ ಆರು ತಿಂಗಳಿಗೆ ಒಂದ್ಸಲನಾದ್ರೂ ಗ್ರಾಮಸಭೆ ಕರೀಲೇಬೇಕು, ವಾರ್ಡ್ ಸಭೆನೂ ಇದೆ, ಮತದಾರ ಆಗಿರೋ ಯಾರು ಬೇಕಾದ್ರೂ ಎದ್ದು ನಿಂತು ಪಿಡಿಒ ಮುಖ ನೋಡ್ಕೊಂಡು ಪ್ರಶ್ನೆ ಕೇಳಬಹುದು. ಪಟ್ಟಣ ಪಂಚಾಯ್ತಿ ಬರೋದು 1964ರ ಪುರಸಭೆಗಳ ಕಾಯ್ದೆ ಕೆಳಗೆ. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಜನ ಇರೋ, ಹಳ್ಳಿಯಿಂದ ಪಟ್ಟಣಕ್ಕೆ ಬದಲಾಗ್ತಿರೋ ಊರುಗಳನ್ನ ಹಾಗೆ ಮಾಡ್ತಾರೆ. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ವಾರ್ಡ್ ಸಮಿತಿ ಕಡ್ಡಾಯ ಅಂದಿದೆ ನಿಜ, ಆದರೆ 3 ಲಕ್ಷ ಜನಸಂಖ್ಯೆ ಮುಟ್ಟಿರೋ ಊರಿಗೆ ಮಾತ್ರ. ಅಂದ್ರೆ ಪಕ್ಕದ ಹಳ್ಳಿಯವರಿಗೆ ಗ್ರಾಮಸಭೆ ಇದೆ, ದೊಡ್ಡ ನಗರದವರಿಗೆ ವಾರ್ಡ್ ಸಮಿತಿ ಇದೆ, ನಡುವೆ ಸಿಕ್ಕೊಂಡಿರೋ ನಮ್ಮಂಥ ಊರಿನ ಮತದಾರ ಐದು ವರ್ಷಕ್ಕೊಂದ್ಸಲ ವೋಟು ಹಾಕಿ ಮನೇಗೆ ಹೋಗ್ಬೇಕು. ಕೌನ್ಸಿಲ್ ಅವಧಿ ಮುಗಿದು ಎಲೆಕ್ಷನ್ ತಡ ಆದ್ರೆ ಆಡಳಿತಾಧಿಕಾರಿ ಬರ್ತಾರೆ, ಆಗ ಕೇಳೋಕೆ ಕೌನ್ಸಿಲರ್ ಕೂಡ ಇರಲ್ಲ. ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿ ಕಥೆ ಗೊತ್ತಲ್ಲ, 2016ರಲ್ಲಿ ಎಲೆಕ್ಷನ್ ಆಗಿದ್ದು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಕೈಲೇ ನಡೀತು. 1980ರ ದಶಕದಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿ ಜನರ ಕೈಗೆ ಅಧಿಕಾರ ಬರ್ಲಿ ಅಂತ ಹೋರಾಡಿದ್ದು ಇದೇ ರಾಜ್ಯದಲ್ಲಿ.

ಜಮೀನಿಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಸರ್ಕಾರ ಜಮೀನನ್ನ ಭೂಸ್ವಾಧೀನ ಮಾಡೋದು ಬೇರೆ, ಒಪ್ಪಿದ ಮಾಲೀಕರಿಂದ ಕ್ರಯಕ್ಕೆ ತಗೊಳೋದು ಬೇರೆ. ಸ್ವಾಧೀನಕ್ಕೆ 2013ರ ಕಾಯ್ದೆ ಇದೆ, 2014ರ ಜನವರಿ 1ರಿಂದ ಜಾರಿ, ಅದರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ 60 ದಿನ ಕೊಡ್ಬೇಕು. ಕೈಗಾರಿಕೆಗೆ ಜಮೀನು ತಗೊಳೋ ಕೆಐಎಡಿಬಿ ಮಂಡಳಿಯ ಕಾಯ್ದೆ ಬೇರೆ, ಆದ್ರೂ ಅಲ್ಲೂ ಅಧಿಸೂಚನೆ ಅನ್ನೋದೊಂದು ಬರಲೇಬೇಕು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸ್ ಬಂದಾಗ ಅಲ್ಲಿನ ರೈತರಿಗೆ ಏನು ಹೋಗ್ತಿದೆ ಅಂತ ಕಣ್ಣಿಗೆ ಕಾಣ್ತು, ಅದಕ್ಕೇ ಅವರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು 2025ರ ಜುಲೈ 15ಕ್ಕೆ ಸರ್ಕಾರ ಆ ಸ್ವಾಧೀನ ಕೈಬಿಡೋ ಹಾಗೆ ಮಾಡಿದ್ರು. ನಮ್ಮೂರಲ್ಲಿ ಯಾರನ್ನೂ ಬಲವಂತ ಮಾಡಿಲ್ಲ, ಮಾರಿದವರು ಖುಷಿಯಾಗೇ ಮಾರಿದ್ದಾರೆ. ಆದರೆ ಆ ಜಮೀನಿನ ಸುತ್ತ ಇರೋ ನಿಮ್ಮಂಥವರನ್ನ ಯಾರೂ ಕೇಳಿಲ್ಲ. ಮಾತಾಡ್ಕೊಂಡು ಖರೀದಿ ಮಾಡಿದ್ರೆ ನೋಟಿಸ್ ಇಲ್ಲ, 60 ದಿನ ಇಲ್ಲ, ಜನರಿಗೆ ಇರೋ ಒಂದೇ ಕಿಟಕಿ ಅಂದ್ರೆ ಕೌನ್ಸಿಲ್ ಸಭೆ ಅಜೆಂಡಾ. ಆ ಕಿಟಕಿನೂ ಮುಚ್ಚಿದ್ರೆ ಆಯ್ತಲ್ಲ.

ಕಸದ ಜಾಗಕ್ಕಂತೂ ಅಕ್ಕಪಕ್ಕದವರನ್ನ ಕೇಳಲೇಬೇಕಿತ್ತು. ಬೆಂಗಳೂರಿನ ಕಸ ಹೊತ್ತು ಹೊತ್ತು ಮಂಡೂರಿನ ಜನ ಬೀದಿಗೆ ಬಂದು, 2014ರಲ್ಲಿ ಅಲ್ಲಿಗೆ ಕಸ ಹಾಕೋದನ್ನ ನಿಲ್ಲಿಸ್ಬೇಕಾಗಿ ಬಂದಿದ್ದು ನಾವೆಲ್ಲ ನೋಡಿದ್ದೀವಿ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಹೂಳೋ ಜಾಗ ಹೊಳೆಯಿಂದ 100 ಮೀಟರ್, ಕೆರೆಕಟ್ಟೆ, ಹೆದ್ದಾರಿ, ಜನವಸತಿ, ಕುಡಿಯೋ ನೀರಿನ ಬಾವಿ ಇವುಗಳಿಂದ 200 ಮೀಟರ್ ದೂರ ಇರ್ಬೇಕು ಅಂತ ಹೇಳಿದ್ರು. ನಮ್ಮ ಜಾಗದಲ್ಲಿ ಬರೀ ಗೊಬ್ಬರ ಮಾಡ್ತಾರಾ ಇಲ್ಲ ಹೂಳ್ತಾರಾ ಅನ್ನೋದು ಮೊದಲು ಗೊತ್ತಾಗ್ಬೇಕು, ಅದರ ಮೇಲೆ ನಿಮ್ಮ ಬೋರ್‌ವೆಲ್ ನೀರಿನ ಭವಿಷ್ಯ ನಿಂತಿದೆ.

ಈಗ ಬೆಲೆ ವಿಷಯ. ಇಲ್ಲಿ ನಿಮ್ಮ ಮಾತು ನಾನು ಪೂರ್ತಿ ಒಪ್ಪಲ್ಲ, ಮನಸ್ಸಿಗೆ ತಗೋಬೇಡಿ. ಮಾರ್ಗಸೂಚಿ ಬೆಲೆ ಅನ್ನೋದು ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ ಲೆಕ್ಕಕ್ಕೆ ಸರ್ಕಾರ ಇಟ್ಟಿರೋ ಕನಿಷ್ಠ ದರ, ಸಂತೇಲಿ ನಡೆಯೋ ನಿಜವಾದ ರೇಟಲ್ಲ. ನಮ್ಮಲ್ಲಿ ಎಷ್ಟೋ ಜನ ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆ ತೋರಿಸಿ ಉಳಿದಿದ್ದು ಕೈಯಿಂದ ಕೈಗೆ ಕೊಡೋದು ಎಲ್ಲರಿಗೂ ಗೊತ್ತಿರೋ ವಿಷಯ, ಪಂಚಾಯ್ತಿ ಹಾಗೆ ಕೊಡೋಕಾಗಲ್ಲ, ಪೂರ್ತಿ ಹಣ ಖಾತೆಗೇ ಹಾಕ್ಬೇಕು, ಹಾಗಾಗಿ ಕಾಗದದ ಮೇಲೆ ಪಂಚಾಯ್ತಿ ಕೊಟ್ಟ ರೇಟು ಪಕ್ಕದವರದಕ್ಕಿಂತ ಜಾಸ್ತಿ ಕಂಡೇ ಕಾಣುತ್ತೆ. ಅಷ್ಟರಿಂದಲೇ ಲೂಟಿ ಅನ್ನೋಕಾಗಲ್ಲ. ಇಂಥದ್ರಲ್ಲಿ ಮೋಸ ಆದ್ರೆ ಸಾಮಾನ್ಯವಾಗಿ ಎಲ್ಲಿ ಆಗುತ್ತೆ ಅಂದ್ರೆ, ಪಂಚಾಯ್ತಿ ಜಮೀನು ಹುಡುಕ್ತಿದೆ ಅಂತ ಒಳಗಿನವರಿಗೆ ಮೊದಲೇ ಗೊತ್ತಾಗಿ, ಯಾರೋ ಒಬ್ಬರು ಬಡ ರೈತನ ಹತ್ರ ಕಮ್ಮಿಗೆ ಬರೆಸ್ಕೊಂಡು ಆರೇ ತಿಂಗಳಲ್ಲಿ ಪಂಚಾಯ್ತಿಗೆ ದುಪ್ಪಟ್ಟಿಗೆ ಮಾರೋದು. ಅದನ್ನ ಹಿಡಿಯೋಕೆ ಇಸಿ ಸಾಕು, ಋಣಭಾರ ಪತ್ರ ಅಂತೀವಲ್ಲ ಅದು, ಜಮೀನು ಯಾರಿಂದ ಯಾರಿಗೆ ನೋಂದಣಿ ಆಗಿದೆ ಅಂತ ಅದರಲ್ಲಿರುತ್ತೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಶುಲ್ಕ ಕಟ್ಟಿ ತೆಗೀಬಹುದು. ನೀವು ಕೊಟ್ಟ ಸರ್ವೆ ನಂಬರ್ ಹಾಕಿ ನಾವು ತೆಗೆಸಿದ್ವಿ. ನಡುವೆ ಯಾರೂ ಬಂದಿಲ್ಲ. ಮಾರಿದವರಿಗೆ ಅದು ಅಪ್ಪನ ಕಾಲದಿಂದ ಬಂದ ಜಮೀನು, ಪೌತಿ ಖಾತೆ ಆಗಿ ಮ್ಯುಟೇಶನ್ ಸರಿಯಾಗಿದೆ. ಆ ಕುಟುಂಬದ ಬಗ್ಗೆ ಊರಲ್ಲಿ ಕೆಟ್ಟ ಮಾತು ಹಬ್ಬಿದೆ, ಅದು ನಿಲ್ಲಬೇಕು ಅನ್ನೋದು ನನ್ನ ಕಳಕಳಿಯ ಮನವಿ.

ಆದರೆ ಪಹಣಿ ನೋಡಿದಾಗ ಬೇರೆ ಒಂದು ಸಿಕ್ತು. ಪಹಣಿಯ 3ನೇ ಕಾಲಮ್ಮಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎ, ಖರಾಬು ಬಿ ಅಂತ ಬೇರೆ ಬೇರೆ ಬರೆದಿರುತ್ತೆ, ಜಮೀನು ತಗೊಳೋವಾಗ ಬಹಳ ಜನ ಅತ್ತ ಕಣ್ಣೇ ಹಾಯಿಸಲ್ಲ. ಎ ಖರಾಬು ಅಂದ್ರೆ ಬಂಡೆ, ಕೊರಕಲು, ಮನೆ ಕಣ ಇಂಥ ಸಾಗುವಳಿಗೆ ಬರದ ಜಾಗ. ಬಿ ಖರಾಬು ಹಾಗಲ್ಲ, ಅದು ದಾರಿ, ಹಳ್ಳ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಅಂತ ಬಿಟ್ಟಿರೋದು, ಸುತ್ತ ಇರೋ ಜಮೀನು ಯಾರ ಹೆಸರಲ್ಲೇ ಇರ್ಲಿ ಅದು ಖಾಸಗಿಯವರ ಸ್ವತ್ತಲ್ಲ. ಈ ಸರ್ವೆ ನಂಬರಲ್ಲಿ 14 ಗುಂಟೆ ಬಿ ಖರಾಬು ಇದೆ. 40 ಗುಂಟೆಗೆ ಒಂದು ಎಕರೆ, ಅಂದ್ರೆ ಒಂದು ಎಕರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಾಗಾದ್ರೆ ಪಂಚಾಯ್ತಿ ನಾಲ್ಕು ಎಕರೆಗೆ ದುಡ್ಡು ಕೊಟ್ಟಾಗ ಈ 14 ಗುಂಟೆ ಸೇರಿಸಿ ಕೊಟ್ಟಿದೆಯಾ, ಬಿಟ್ಟು ಕೊಟ್ಟಿದೆಯಾ? ಸೇರಿಸಿದ್ರೆ ಊರಿನ ಜಾಗನೇ ಊರಿನ ತೆರಿಗೆ ಹಣದಲ್ಲಿ ಕೊಂಡ್ಕೊಂಡ ಹಾಗಾಯ್ತು. ಕ್ರಯಪತ್ರದ ಚಕ್ಕುಬಂದಿ ಅಂದ್ರೆ ನಾಲ್ಕು ದಿಕ್ಕಿನ ಗಡಿ ವಿವರ, ಸರ್ವೆ ಸ್ಕೆಚ್ ನೋಡದೆ ಇದಕ್ಕೆ ಉತ್ತರ ಸಿಗಲ್ಲ. ಗ್ರಾಮ ನಕ್ಷೆಯಲ್ಲಿ ಆ ಜಾಗದಲ್ಲಿ ಒಂದು ಬಂಡಿದಾರಿ ಹೋಗಿದೆ ಅಂತ ನೀವೇ ಬರೆದಿದ್ದೀರಿ, ಇದು ಅದೇ ಇರ್ಬೇಕು ಅಂತ ನನ್ನ ಅಂದಾಜು.

ಇದಕ್ಕಿಂತ ದೊಡ್ಡ ಪ್ರಶ್ನೆ ನಿಮ್ಮ ಪತ್ರದ ಕೊನೇಲಿ ಸಣ್ಣ ಅಕ್ಷರದಲ್ಲಿದೆ, ನಮ್ಮ ಗೋಮಾಳ ಎಲ್ಲಿ ಹೋಯ್ತು ಅಂತ. ಸಾರ್ವಜನಿಕ ಕೆಲಸಕ್ಕೆ ಖಾಸಗಿ ಜಮೀನು ಕೊಳ್ಳೋ ಮುಂಚೆ ಸರ್ಕಾರಿ ಜಮೀನು ಇದೆಯಾ ಅಂತ ನೋಡ್ಬೇಕು ಅಲ್ವಾ. ಭೂಕಂದಾಯ ಕಾಯ್ದೆಯ 71ನೇ ಸೆಕ್ಷನ್‌ನಲ್ಲಿ ದನ ಮೇಯೋಕೆ, ಮತ್ತೆ ಬೇರೆ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸೋಕೆ ಅವಕಾಶ ಇದೆ, 1966ರ ನಿಯಮದಲ್ಲಿ 100 ದನಕ್ಕೆ 12 ಹೆಕ್ಟೇರ್ ಅಂದ್ರೆ ಸುಮಾರು 30 ಎಕರೆ ಗೋಮಾಳ ಇರ್ಬೇಕು ಅಂತಿದೆ. ಗೋಮಾಳ, ಗುಂಡುತೋಪು, ಕೆರೆ ಅಂಗಳ ಎಲ್ಲ ಸೇರಿಸಿದ್ರೆ ನಮ್ಮ ಹಿರಿಯರ ಕಾಲಕ್ಕೆ ಈ ಊರಿನ ಹತ್ರ ಇದ್ದ ಜಾಗಕ್ಕೂ ಈಗ ಉಳಿದಿರೋದಕ್ಕೂ ಹೋಲಿಕೆನೇ ಇಲ್ಲ. ಬಗರ್ ಹುಕುಂನಲ್ಲಿ ಫಾರಂ 50, 53, 57 ಅಂತ ಅರ್ಜಿ ಹಾಕ್ಕೊಂಡು ಒಂದೆರಡು ಎಕರೆ ಉತ್ತು ಹೊಟ್ಟೆ ಹೊರೀತಿರೋ ಬಡವರ ಮೇಲೆ ನನಗೆ ಕೋಪ ಇಲ್ಲ, ಅವರನ್ನ ಎಬ್ಬಿಸ್ಬೇಕು ಅಂತ ಈ ಪತ್ರಿಕೆ ಯಾವತ್ತೂ ಬರೆಯಲ್ಲ. ಆದರೆ ಗೋಮಾಳದ ಅಂಚು ಸೇರಿಸ್ಕೊಂಡು ಸೈಟು ಮಾಡಿ ಮಾರಿದವರು ಬೇರೆ. ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿ ಊರಿಗೇ ವಾಪಸ್ ಕೊಡಿಸೋಕೆ ಯೋಜನೆ ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲಾ ರಾಜ್ಯಗಳಿಗೂ ಹೇಳಿದೆ, ತುಂಬಾ ವರ್ಷದಿಂದ ಅನುಭವಿಸ್ತಿದ್ದೀವಿ, ಖರ್ಚು ಮಾಡಿ ಕಟ್ಕೊಂಡಿದ್ದೀವಿ ಅನ್ನೋ ನೆಪಗಳಿಗೆ ಬೆಲೆ ಕೊಡಬೇಡಿ ಅಂತಾನೂ ಹೇಳಿದೆ. ನಾಳೆ ಸ್ಮಶಾನಕ್ಕೆ ಜಾಗ ಬೇಕು, ಬಸ್ ಸ್ಟ್ಯಾಂಡಿಗೆ ಬೇಕು, ಹೆಣ್ಣುಮಕ್ಕಳ ಹಾಸ್ಟೆಲಿಗೆ ಬೇಕು. ಪ್ರತಿ ಸಲ ಕೊಂಡ್ಕೊಳ್ತಾನೇ ಹೋಗೋಕೆ ನಮ್ಮ ಕಂದಾಯ ಎಲ್ಲಿಗೆ ಸಾಲುತ್ತೆ?

ನೀವು ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, ಉತ್ತರ ಸರಿಯಾಗಿ ಬರಲಿಲ್ಲ ಅಂತ ಅದರ ಪ್ರತಿ ಕಳಿಸಿದ್ದೀರಿ. ಓದಿದೆ. ಇಷ್ಟು ಜಾಸ್ತಿ ಬೆಲೆ ಯಾಕೆ ಕೊಟ್ಟಿರಿ, ಜನರನ್ನ ಯಾಕೆ ಕೇಳಲಿಲ್ಲ ಅಂತೆಲ್ಲ ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ, ಆದ್ರೆ ಆ ಕಾಯ್ದೆಯಲ್ಲಿ ಕಚೇರಿಯಲ್ಲಿರೋ ದಾಖಲೆ ಕೇಳ್ಬೇಕೇ ಹೊರತು ಯಾಕೆ ಅಂತ ಕೇಳಿದ್ರೆ ಅಂಥ ಮಾಹಿತಿ ಲಭ್ಯವಿಲ್ಲ ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ಜಮೀನು ಹುಡುಕೋಕೆ ಶುರು ಮಾಡಿದ ಕಡತದ ಟಿಪ್ಪಣಿ ಹಾಳೆ, ಸಭೆಯ ಅಜೆಂಡಾ ಮತ್ತು ನಡಾವಳಿ, ಬೆಲೆ ನಿಗದಿ ವರದಿ, ಸರ್ಕಾರಿ ಜಮೀನು ಲಭ್ಯ ಇಲ್ಲ ಅಂತ ತಹಸೀಲ್ದಾರ್ ಕೊಟ್ಟ ಪತ್ರ ಇದ್ರೆ ಅದು, ಮೇಲಿನವರ ಮಂಜೂರಾತಿ ಆದೇಶ, ಸರ್ವೆ ಸ್ಕೆಚ್, ಕ್ರಯಪತ್ರ, ಇಷ್ಟರ ದೃಢೀಕೃತ ನಕಲು ಕೊಡಿ ಅಂತ ಬರೀಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಕೊಡ್ಲಿಲ್ಲ ಅಂದ್ರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಕಡತನೇ ಕೂತು ನೋಡ್ತೀನಿ ಅಂತಾನೂ ಕೇಳಬಹುದು, ಬಹಳ ಜನಕ್ಕೆ ಇದು ಗೊತ್ತಿಲ್ಲ.

ಅಸಲಿಗೆ ಇಷ್ಟೆಲ್ಲ ಅರ್ಜಿ ಹಾಕೋ ಗತಿ ಬರಬಾರದಿತ್ತು. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 17 ಬಗೆ ಮಾಹಿತಿಯನ್ನ ಯಾರೂ ಕೇಳದೆನೇ ಕಚೇರಿಯವರು ಪ್ರಕಟಿಸ್ಬೇಕು, ಜನರ ಮೇಲೆ ಪರಿಣಾಮ ಆಗೋ ತೀರ್ಮಾನ ಪ್ರಕಟಿಸೋವಾಗ ಅದರ ಸಂಗತಿಗಳನ್ನೂ ಜನರ ಮುಂದೆ ಇಡ್ಬೇಕು. ನಾಲ್ಕು ಎಕರೆ ಕಸದ ಜಾಗ ಕೊಳ್ಳೋದು ಜನರ ಮೇಲೆ ಪರಿಣಾಮ ಆಗೋದಲ್ಲದೆ ಮತ್ತಿನ್ನೇನು. ನೋಟಿಸ್ ಬೋರ್ಡಲ್ಲಿ ಒಂದು ಹಾಳೆ ಅಂಟಿಸಿದ್ರೆ ಆಗ್ತಿತ್ತು.

ಪತ್ರಿಕೆ ಹೆಸರಲ್ಲಿ ಅರ್ಜಿ ಹಾಕೋಕಾಗಲ್ಲ, ನಾಗರಿಕರೇ ಹಾಕ್ಬೇಕು, ಹಾಗಾಗಿ ನನ್ನ ಸ್ವಂತ ಹೆಸರಲ್ಲಿ ಮೇಲೆ ಹೇಳಿದ ದಾಖಲೆಗಳಿಗೆ ಕಳೆದ ಸೋಮವಾರ ಅರ್ಜಿ ಕೊಟ್ಟಿದ್ದೀನಿ, ಸ್ವೀಕೃತಿ ಸೀಲು ಹಾಕಿಸ್ಕೊಂಡು ಬಂದಿದ್ದೀನಿ. ಬಂದಿದ್ದನ್ನ ಬಂದ ಹಾಗೆ ಅಚ್ಚು ಹಾಕ್ತೀವಿ, ಪಂಚಾಯ್ತಿ ಪರವಾಗಿ ಬಂದ್ರೂ ಅಷ್ಟೇ, ವಿರುದ್ಧ ಬಂದ್ರೂ ಅಷ್ಟೇ. ಮುಂದಿನ ಸಂಚಿಕೆಯಿಂದ ಒಳಗಿನ ಎರಡನೇ ಪುಟ ಪೂರ್ತಿ ಪಟ್ಟಣ ಪಂಚಾಯ್ತಿ ಸಭೆಗೆ ಮೀಸಲು: ಸಭೆಗೆ ಮುಂಚೆ ಅಜೆಂಡಾ, ಸಭೆ ಆದ್ಮೇಲೆ ಯಾವ ಕೌನ್ಸಿಲರ್ ಏನಂದ್ರು, ಎಷ್ಟು ದುಡ್ಡು, ಯಾವ ಸರ್ವೆ ನಂಬರ್. ಇಬ್ಬರು ಕೌನ್ಸಿಲರ್‌ಗಳು ಅಜೆಂಡಾ ಕೈಗೆ ಬಂದ ದಿನವೇ ವಾಟ್ಸಾಪಲ್ಲಿ ಕಳಿಸ್ತೀವಿ ಅಂತ ಒಪ್ಪಿದ್ದಾರೆ. ಜಾಗ ಸಾಲಲಿಲ್ಲ ಅಂದ್ರೆ ಸಿನಿಮಾ ಪುಟ ಅರ್ಧ ಮಾಡ್ತೀವಿ.

ಮೇಷ್ಟ್ರೇ, ನಿಮ್ಮ ತಂದೆಯವರು ಶಾನುಭೋಗರ ಹತ್ರ ನಕಲು ಮಾಡಿಸಿಟ್ಟ ಹಳೇ ಗ್ರಾಮ ನಕ್ಷೆ ಮನೇಲಿದೆ ಅಂತ ಬರೆದಿದ್ದೀರಿ. ಬಟ್ಟೆ ಮೇಲೆ ಅಂಟಿಸಿರೋದು ಮಡಿಕೆ ಮಡಿಕೆಯಲ್ಲಿ ಹರಿದಿರುತ್ತೆ, ಬಿಚ್ಚೋಕೆ ಹೋಗ್ಬೇಡಿ, ಹಾಗೇ ಪೇಪರಲ್ಲಿ ಸುತ್ತಿ ಇಟ್ಕೊಂಡಿರಿ. ಭಾನುವಾರ ಬೆಳಿಗ್ಗೆ ನಾನೇ ಮನೆಗೆ ಬರ್ತೀನಿ, ಸರ್ವೇಯರ್ ಆಗಿ ರಿಟೈರ್ ಆದ ನಮ್ಮ ಸ್ನೇಹಿತರೊಬ್ಬರೂ ಬರ್ತಾರೆ. ಬಂಡಿದಾರಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನಕ್ಷೆ ಮೇಲೆ ನೋಡ್ಕೊಂಡು, ಬಿಸಿಲು ಏರೋ ಮುಂಚೆ ಜಮೀನಿನ ಹತ್ರ ಹೋಗಿ ಗಡಿ ಕಲ್ಲು ಹುಡುಕೋಣ.

ಇತಿ,
ಸಂಪಾದಕ